ಬಿಸಿಲಿನ ಬಸ್ಸಿನಲ್ಲಿ ನೀರು ಎಷ್ಟು, ಯಾವಾಗ, ಹೇಗೆ ಕುಡಿಯಬೇಕು

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರ ಕಡೆ ಕೆಂಪು ಬಸ್ಸಿನಲ್ಲಿ ಓಡಾಡುವವರಿಗೆ "ನೀರು ಜಾಸ್ತಿ ಕುಡೀರಿ" ಅಂತ ಎಲ್ಲರೂ ಹೇಳುತ್ತಾರೆ. ಕುಡಿದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಬಸ್ಸಿನಲ್ಲಿ ಜನ, ಅದರಲ್ಲೂ ಹೆಂಗಸರು, ನೀರು ಕುಡಿಯದೇ ಇರುವುದು ಬಾಟಲಿ ಇಲ್ಲ ಅಂತ ಅಲ್ಲ, ನಡುದಾರಿಯಲ್ಲಿ ಅವಸರವಾದರೆ ಏನು ಮಾಡುವುದು ಅನ್ನುವ ಭಯಕ್ಕೆ. ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ ಕುಡಿದು, ಊರು ಮುಟ್ಟುವವರೆಗೆ ಬಾಯಿ ಒಣಗಿಸಿಕೊಂಡೇ ಕೂರುವವರು ಎಷ್ಟೋ ಜನ ಇದ್ದಾರೆ. ಅದಕ್ಕೇ ಇಲ್ಲಿ ನೀರಿನ ಲೆಕ್ಕವನ್ನೂ ಶೌಚಾಲಯದ ಲೆಕ್ಕವನ್ನೂ ಒಟ್ಟಿಗೇ ಹಾಕಿದ್ದೇನೆ.

ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಬಸ್ಸು ಹತ್ತುವ ಹೊತ್ತಿಗೆ ಎರಡು ಗಂಟೆ ಮೊದಲು ಅರ್ಧ ಲೀಟರು, ಅಂದರೆ ದೊಡ್ಡ ಎರಡು ಲೋಟ ನೀರು ಕುಡಿಯಿರಿ. ಎರಡು ಗಂಟೆ ಮೊದಲು ಯಾಕೆ ಅಂದರೆ, ಮೈಗೆ ಬೇಕಾದಷ್ಟು ಮೈಯಲ್ಲಿ ಉಳಿದು, ಜಾಸ್ತಿಯಾದದ್ದು ನೀವು ಮನೆಯಲ್ಲಿರುವಾಗಲೇ ಹೊರಗೆ ಹೋಗುತ್ತದೆ. ಹೊರಡುವಾಗ ಇನ್ನೊಮ್ಮೆ ಒಂದಕ್ಕೆ ಹೋಗಿ ಬಂದುಬಿಡಿ. ಇದನ್ನು ಬಿಟ್ಟು, ಬಸ್ಸು ಬಂತು ಅಂದಾಗ ಸ್ಟ್ಯಾಂಡಿನಲ್ಲಿ ನಿಂತು ಗಟಗಟ ಅಂತ ಒಂದು ಬಾಟಲಿ ಖಾಲಿ ಮಾಡಿದರೆ, ಸ್ವಲ್ಪ ಹೊತ್ತಿಗೆ ಬಸ್ಸು ಹೊಲಗಳ ನಡುವೆ ಓಡುತ್ತಿರುವಾಗ ನಿಮ್ಮ ಪರದಾಟ ಶುರು.

ಹತ್ತಿದ ಮೇಲೆ ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಮ್ಮೆ ಎರಡು-ಮೂರು ಗುಟುಕು ಸಾಕು. ಬಿಸಿಲಲ್ಲಿ ಹೀಗೆ ಸ್ವಲ್ಪ ಸ್ವಲ್ಪ ಕುಡಿದ ನೀರು ಹೆಚ್ಚುಕಡಿಮೆ ಬೆವರಿಗೇ ಸರಿಹೋಗುತ್ತದೆ. ಒಮ್ಮೆಲೇ ಸುರಿದುಕೊಂಡದ್ದು ಹೊಟ್ಟೆ ಕುಲುಕಿಸುತ್ತದೆ, ಬಸ್ಸಿನಲ್ಲಿ ವಾಂತಿ ಬರುವವರಿಗಂತೂ ಅದು ಬೇಡವೇ ಬೇಡ. ಇನ್ನೊಂದು ವಿಷಯ. ನಮಗೆ ಬಾಟಲಿಯನ್ನು ಎತ್ತಿ ಕುಡಿಯುವ ಅಭ್ಯಾಸ, ಒಳ್ಳೆಯದೇ, ಆದರೆ ಹಳ್ಳ ಬಿದ್ದ ರಸ್ತೆಯಲ್ಲಿ ಎತ್ತಿ ಕುಡಿದರೆ ಅರ್ಧ ಪಕ್ಕದವರ ಮೈಮೇಲೆ. ನಿಮಗೇ ಅಂತ ಸಣ್ಣ ಬಾಯಿಯ ಒಂದು ಬಾಟಲಿ ಇಟ್ಟುಕೊಂಡು ಕಚ್ಚಿ ಕುಡಿಯಿರಿ. ಪಕ್ಕದ ಸೀಟಿನವರು ನೀರು ಕೇಳಿದರೆ ಇಲ್ಲ ಅನ್ನೋಕಾಗಲ್ಲ, ಅಲ್ವಾ? ಅದಕ್ಕೆ ಚೀಲದಲ್ಲಿ ಒಂದು ಸಣ್ಣ ಲೋಟ ಇರಲಿ.

ಬಾಯಾರಿಕೆ ಆದಾಗ ಕುಡಿದರಾಯಿತು ಅನ್ನಬೇಡಿ. ಬಯಲುಸೀಮೆಯ ಒಣ ಬಿಸಿಲಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಕೂಡಲೇ ಆರಿಹೋಗುತ್ತದೆ. ಕಿಟಕಿ ಪಕ್ಕ ಕೂತವರಿಗೆ ಇನ್ನೂ ಬೇಗ. ಮೈ ಒಣಗಿಯೇ ಇದೆ, ನನಗೆ ಬೆವರೇ ಇಲ್ಲ ಅಂದುಕೊಂಡು ಕೂತಿರುತ್ತೀರಿ, ಒಳಗೆ ನೀರು ಕಡಿಮೆಯಾಗುತ್ತಲೇ ಇರುತ್ತದೆ. ಹೊರಗೆ 40 ಡಿಗ್ರಿ ದಾಟಿದಾಗ ಕಿಟಕಿಯಿಂದ ಬರುವ ಗಾಳಿ ನಿಮ್ಮ ಚರ್ಮಕ್ಕಿಂತ ಬಿಸಿ. ಬೆವರು ಆರುವಷ್ಟು ಹೊತ್ತು ಮಾತ್ರ ಅದು ತಂಪು ಅನ್ನಿಸುತ್ತದೆ. ಮಂಗಳೂರು, ಕಾರವಾರದ ಕಡೆ ಇದು ಉಲ್ಟಾ. ಅಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ, ಅಂಗಿ ನೆಂದದ್ದು ಕಣ್ಣಿಗೇ ಕಾಣುತ್ತದೆ, ಹಾಗಾಗಿ ನೀರಿನ ನೆನಪೂ ತಾನಾಗೇ ಬರುತ್ತದೆ.

ಬೆವರನ್ನೇ ಕಡಿಮೆ ಮಾಡಿಕೊಂಡರೆ ನೀರೂ ಕಡಿಮೆ ಸಾಕು. ಬೆಂಗಳೂರಿನಿಂದ ಬಳ್ಳಾರಿ ಕಡೆಗೆ, ಅಂದರೆ ಉತ್ತರಕ್ಕೆ ಹೋಗುವ ಬಸ್ಸಾದರೆ ಬೆಳಿಗ್ಗೆ ಎಡಗಡೆ ಕೂರಿ, ಮಧ್ಯಾಹ್ನದ ಮೇಲೆ ಬಲಗಡೆ. ವಾಪಸ್ ಬರುವಾಗ ತಿರುಗಾಮುರುಗಾ. ನಡುಮಧ್ಯಾಹ್ನ ಯಾವ ಕಡೆ ಕೂತರೂ ಒಂದೇ, ಮೇ ತಿಂಗಳಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿ ಮೇಲೇ ಇರುತ್ತಾನೆ. ಇಂಜಿನ್ ಪಕ್ಕದ ಸೀಟು ಖಾಲಿ ಇದ್ದರೂ ಬೇಡ. ಬೇಸಿಗೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಸಿಬ್ಬಂದಿಗೆ ಇದು ಅನುಕೂಲ. ಕೆಲಸಕ್ಕೆ ಅಂತ ಹಳ್ಳಿಯಿಂದ ಬಂದವರು ಮಾತ್ರ ಕಚೇರಿ ಮುಚ್ಚಿದ ಮೇಲೆ ಸರಿಯಾಗಿ ಎರಡು ಗಂಟೆಯ ಬಿಸಿಲಲ್ಲಿ ವಾಪಸ್ ಬಸ್ಸು ಹತ್ತುತ್ತಾರೆ. ಮೊದಲನೇ ಬಸ್ಸಿಗೇ ಬಂದು ಹನ್ನೊಂದರೊಳಗೆ ಕೆಲಸ ಮುಗಿಸಿ ಹೊರಡಿ. ಆಗಲಿಲ್ಲವೇ, ನಾಲ್ಕೂವರೆ-ಐದರವರೆಗೆ ಎಲ್ಲಾದರೂ ನೆರಳಲ್ಲಿ ಕೂತು ಆಮೇಲೆ ಹೊರಡಿ.

ಈಗ ಶೌಚಾಲಯದ ವಿಷಯಕ್ಕೆ ಬರೋಣ. ಟಿಕೆಟ್ ತಗೊಳ್ಳುವಾಗಲೇ ಕಂಡಕ್ಟರನ್ನು ಕೇಳಿಬಿಡಿ. "ಅಣ್ಣಾ, ಬಸ್ಸು ಮುಂದ ಎಲ್ಲಿ ನಿಲ್ತದ್ರಿ? ಇಳದು ಬರಾಕ ಟೈಮ್ ಅದ ಏನ್ರಿ?" ಅಷ್ಟು ಕೇಳಿದರೆ ಸಾಕು, ಹೆಚ್ಚಿನವರು ಊರಿನ ಹೆಸರು, ಎಷ್ಟು ನಿಮಿಷ, ಎಲ್ಲಾ ಹೇಳುತ್ತಾರೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಆ ಉತ್ತರದ ಮೇಲೆ ನಿಮ್ಮ ಕುಡಿಯುವ ಲೆಕ್ಕ. ನಿಲ್ದಾಣಕ್ಕೆ ಇನ್ನು ಅರ್ಧ ಗಂಟೆ ಇದೆ ಅಂದಾಗ ಧಾರಾಳವಾಗಿ ಕುಡಿಯಿರಿ, ಇಳಿದು ಹೋಗಿ ಬನ್ನಿ, ಹತ್ತಿದ ಮೇಲೆ ಮತ್ತೆ ಗುಟುಕಿನ ಲೆಕ್ಕಕ್ಕೆ ಬನ್ನಿ. ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡು ಬಂತು ಅಂದರೆ ಅವಸರ ಇಲ್ಲದಿದ್ದರೂ ಹೋಗಿ ಬರುವುದು ಒಳ್ಳೆಯದು, ಮುಂದಿನ ಹಳ್ಳಿಗಳಲ್ಲಿ ಆ ವ್ಯವಸ್ಥೆ ಇರುತ್ತದೆ ಅನ್ನೋ ಭರವಸೆ ಇಲ್ಲ. ಐದು-ಹತ್ತು ರೂಪಾಯಿ ಚಿಲ್ಲರೆ ಕೈಗೆ ಸಿಗುವ ಹಾಗೆ ಇರಲಿ, ಐನೂರರ ನೋಟು ಹಿಡಿದು ಶೌಚಾಲಯದ ಬಾಗಿಲಲ್ಲಿ ನಿಂತರೆ ಬಸ್ಸು ಹೊರಟುಬಿಡುತ್ತದೆ. ಇಳಿಯುವಾಗ ಪಕ್ಕದವರಿಗೆ ಹೇಳಿ, ಸೀಟಿನ ಮೇಲೆ ಟವೆಲ್ಲು ಹಾಕಿ ಹೋಗಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನಲ್ಲಿ ಹೆಂಗಸರು ಜಾಸ್ತಿ ಇರುತ್ತಾರೆ, ನೀವು ಹೊರಟರೆ ಜೊತೆಗೆ ಇನ್ನಿಬ್ಬರು ಎದ್ದು ಬರುತ್ತಾರೆ, ಮೂರು ಜನ ಇಳಿದಿದ್ದಾರೆ ಅಂದರೆ ಡ್ರೈವರೂ ಕಾಯುತ್ತಾರೆ.

ನೀರನ್ನು ತಂಪಾಗಿಡುವುದಕ್ಕೆ ಎರಡು ಉಪಾಯ ಇವೆ. ಒಂದು, ಹಿಂದಿನ ರಾತ್ರಿ ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು ಹಾಕಿ ಫ್ರೀಜರಿನಲ್ಲಿ ಅಡ್ಡ ಮಲಗಿಸಿಡಿ. ಬೆಳಿಗ್ಗೆ ಉಳಿದ ಅರ್ಧಕ್ಕೆ ಮಾಮೂಲಿ ನೀರು ತುಂಬಿದರೆ ಮಧ್ಯಾಹ್ನದವರೆಗೆ ತಣ್ಣಗಿರುತ್ತದೆ. ಫ್ಲಾಸ್ಕನ್ನು ಮಾತ್ರ ಫ್ರೀಜರಿಗೆ ಹಾಕಬೇಡಿ, ಹಾಳಾಗುತ್ತದೆ. ಇನ್ನೊಂದು, ಫ್ರಿಜ್ಜೇ ಬೇಡದ್ದು. ಸ್ಟೀಲ್ ಬಾಟಲಿಗೆ ಹಳೇ ಹತ್ತಿ ಬಟ್ಟೆ ಸುತ್ತಿ, ಒದ್ದೆ ಮಾಡಿ, ಬಿಸಿಲು ತಾಗದೆ ಗಾಳಿ ತಾಗುವ ಕಡೆ ಇಡಿ. ಬಟ್ಟೆ ಆರಿದ ಹಾಗೆ ನೀರು ತಣ್ಣಗಾಗುತ್ತದೆ, ಮಡಕೆ ಮಾಡುವ ಕೆಲಸವೇ ಇದು. ರಾಯಚೂರಿನಲ್ಲಿ ಚೆನ್ನಾಗಿ ನಡೆಯುತ್ತದೆ, ಕರಾವಳಿಯ ಗಾಳಿಯಲ್ಲಿ ಅಷ್ಟಕ್ಕಷ್ಟೆ. ಅದೇ ರೀತಿ ಒದ್ದೆ ಟವೆಲ್ಲನ್ನು ಕತ್ತಿಗೆ ಸುತ್ತಿಕೊಂಡರೆ ನಿಮಗೂ ತಂಪು.

ಏನು ಕುಡಿಯಬೇಕು? ದಾರಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ-ತಿಂಡಿ ಮಾಡುವವರಿಗೆ ಬರೀ ನೀರೇ ಸಾಕು, ಉಪ್ಪು ಊಟದಲ್ಲೇ ಬರುತ್ತದೆ. ನನ್ನನ್ನು ಕೇಳಿದರೆ ಎರಡನೇ ಸ್ಥಾನ ಉಪ್ಪು ಹಾಕಿದ ನೀರು ಮಜ್ಜಿಗೆಗೆ. ಮನೆಯಿಂದ ಒಯ್ಯುವುದಾದರೆ ಬಾಟಲಿ ತುಂಬ ಹಾಕಬೇಡಿ, ಎರಡು-ಮೂರು ಗಂಟೆಯೊಳಗೆ ಕುಡಿದು ಮುಗಿಸಿ. ಸೆಕೆಗೆ ಮಜ್ಜಿಗೆ ಹುಳಿಯಾಗಿ ಗ್ಯಾಸು ತುಂಬಿ, ಮುಚ್ಚಳ ತೆಗೆದ ಕೂಡಲೇ ಹಿಂದು-ಮುಂದಿನ ಸೀಟಿಗೆಲ್ಲ ಪ್ರೋಕ್ಷಣೆ ಆಗುತ್ತದೆ. ನಿಂಬೆಹಣ್ಣಿನ ಶರಬತ್ತಿಗೆ ಸಕ್ಕರೆ ಜೊತೆ ಚಿಟಿಕೆ ಉಪ್ಪು ಬೀಳಲಿ. ಎಳನೀರು ಒಳ್ಳೆಯದೇ, ಪೊಟ್ಯಾಸಿಯಂ ಚೆನ್ನಾಗಿರುತ್ತದೆ, ಆದರೆ ಬೆವರಿನಲ್ಲಿ ಹೋದ ಉಪ್ಪನ್ನು ಅದೊಂದೇ ತುಂಬುವುದಿಲ್ಲ. ಚಹಾ ಕುಡಿದರೆ ಮೈಯಲ್ಲಿನ ನೀರೆಲ್ಲ ಹೋಗುತ್ತದೆ ಅನ್ನೋದು ಅತಿಯಾಯಿತು, ರೂಢಿ ಇದ್ದವರು ಒಂದು ಕಪ್ಪು ಕುಡಿದರೆ ಏನೂ ಆಗಲ್ಲ. ಬಣ್ಣದ ಕೂಲ್ ಡ್ರಿಂಕ್ಸ್ ಬರೀ ಸಕ್ಕರೆ, ಅದನ್ನು ನೀರಿನ ಲೆಕ್ಕಕ್ಕೆ ಹಿಡಿಯಬೇಡಿ.

ಓಆರ್‌ಎಸ್ ದಿನವೂ ಬೇಕಿಲ್ಲ. ಬಟ್ಟೆ ನೆನೆಯುವಷ್ಟು ಬೆವರಿದ್ದರೆ, ವಾಂತಿ-ಭೇದಿ ಆಗಿದ್ದರೆ ಬೇಕು. ಔಷಧಿ ಅಂಗಡಿಯಲ್ಲಿ ಪುಡಿಯ ಪೊಟ್ಟಣವನ್ನೇ ಕೇಳಿ ತಗೊಳ್ಳಿ. ಹೆಸರು ಹಾಗೇ ಕೇಳಿಸುವ ಸಿಹಿ ಪಾನೀಯದ ಡಬ್ಬಿಗಳು ಅದಲ್ಲ. ಅಂಥವುಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಅಂತ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿದೆ. ದೊಡ್ಡ ಪೊಟ್ಟಣ ಇಡೀ ಒಂದು ಲೀಟರು ನೀರಿಗೆ, ಸಣ್ಣದು 200 ಮಿಲಿಲೀಟರಿಗೆ. ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಅಂದಾಜಿಗೆ ಬೇಡ. ಪೊಟ್ಟಣ ಸಿಗಲಿಲ್ಲ ಅಂದರೆ ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರ ಆಗಬಾರದು, ಮಟ್ಟಸವಾಗಿರಲಿ.

ಕೊಳ್ಳುವ ನೀರಾದರೆ ಮುಚ್ಚಳದ ಸೀಲು ಮತ್ತು ಐಎಸ್‌ಐ ಗುರುತು ನೋಡಿ. ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅರವಟಿಗೆ ಇಟ್ಟಿರುತ್ತಾರೆ, ಪುಣ್ಯದ ಕೆಲಸ. ಮಡಕೆ ಮುಚ್ಚಿದ್ದು, ಉದ್ದ ಹಿಡಿಕೆಯ ಸೌಟಿನಿಂದ ಹಾಕಿಕೊಡುತ್ತಿದ್ದರೆ ಧೈರ್ಯವಾಗಿ ಬಾಟಲಿ ತುಂಬಿಸಿಕೊಳ್ಳಿ. ಎಲ್ಲರೂ ಲೋಟ ಅದ್ದಿ ತೆಗೆಯುತ್ತಿದ್ದರೆ ಬೇಡ. ಗಾಡಿಯ ಶರಬತ್ತಿಗೆ ಐಸ್ ಹಾಕಿಸಿಕೊಳ್ಳಬೇಡಿ, ಹೆಚ್ಚಿಟ್ಟ ಕಲ್ಲಂಗಡಿ ಬಿಟ್ಟುಬಿಡಿ. ದಾರಿಯಲ್ಲಿ ಹೊಟ್ಟೆ ಕೆಟ್ಟರೆ ಅಲ್ಲಿಯವರೆಗೆ ಕುಡಿದ ನೀರೆಲ್ಲ ದಂಡ. ಸೌತೆಕಾಯಿ ತಿನ್ನುವ ಆಸೆ ಇದ್ದರೆ ಕಣ್ಣೆದುರೇ ಸಿಪ್ಪೆ ತೆಗೆಸಿ.

ರೈಲಿನಲ್ಲಿ ಇಷ್ಟು ತಲೆಬಿಸಿ ಇಲ್ಲ, ಶೌಚಾಲಯ ಬೋಗಿಯಲ್ಲೇ ಇದೆ. ಜನರಲ್ ಬೋಗಿಯಲ್ಲಿ ಅದರ ಬಾಗಿಲವರೆಗೂ ಜನ ಕೂತಿರುತ್ತಾರೆ ಅನ್ನೋದು ಬೇರೆ ಮಾತು. ಎರಡು ನಿಮಿಷದ ನಿಲ್ದಾಣದಲ್ಲಿ ನಲ್ಲಿ ಹುಡುಕಿಕೊಂಡು ಇಳಿಯಬೇಡಿ. ಬೆಂಗಳೂರು-ಕಲಬುರಗಿ ದಾರಿಯಲ್ಲಾದರೆ ಗುಂತಕಲ್ಲಿನಂಥ ದೊಡ್ಡ ಜಂಕ್ಷನ್ ಬಂದಾಗ ತುಂಬಿಸಿಕೊಳ್ಳಿ. ಬೋಗಿಯೊಳಗಿನ ಕೈತೊಳೆಯುವ ನಲ್ಲಿಯ ನೀರು ಕುಡಿಯುವುದಕ್ಕಲ್ಲ.

ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. "ಅಜ್ಜಿ, ನೀರು ಬೇಕಾ?" ಅಂತ ಕೇಳಿದರೆ ಬೇಡ ಅಂತಾರೆ. ಕೇಳಬೇಡಿ, ಲೋಟಕ್ಕೆ ಹಾಕಿ ಕೈಗೆ ಕೊಡಿ. ಆರು ತಿಂಗಳೊಳಗಿನ ಮಗುವಿಗೆ ನೀರು ಬೇಡ, ಎದೆಹಾಲನ್ನೇ ಜಾಸ್ತಿ ಸಲ ಕೊಡಿ. ತಾಯಿ ಮಾತ್ರ ಎಲ್ಲರಿಗಿಂತ ಜಾಸ್ತಿ ಕುಡಿಯಬೇಕು. ಬಿಪಿಗೆ ಅಂತ ಮೂತ್ರ ಹೋಗುವ ಮಾತ್ರೆ ತಗೊಳ್ಳುವವರು ಪ್ರಯಾಣದ ದಿನ ತಾವೇ ಅದನ್ನು ಬಿಡುವುದು ಬೇಡ, ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿದ್ದರೆ ಡಾಕ್ಟರ್ ಹೇಳಿದ್ದೇ ಲೆಕ್ಕ, ಇಲ್ಲಿ ಬರೆದದ್ದಲ್ಲ. ಅಂಥವರು ಉಪ್ಪಿನ ಶರಬತ್ತು, ಎಳನೀರನ್ನೂ ಅವರನ್ನು ಕೇಳಿಯೇ ಕುಡಿಯಲಿ.

ಮೂತ್ರ ಕಡು ಹಳದಿ, ತಲೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ, ಮೀನಖಂಡ ಹಿಡಿದುಕೊಳ್ಳುವುದು, ಇವು ಬಂದರೆ ನೀರು ಸಾಲುತ್ತಿಲ್ಲ ಅಂತ. ಮುಂದಿನ ಸ್ಟಾಪಿನಲ್ಲಿ ಇಳಿದು ನೆರಳಲ್ಲಿ ಕೂತು ಓಆರ್‌ಎಸ್ ಕುಡಿಯಿರಿ, ಮುಂದಿನ ಬಸ್ಸು ಇದ್ದೇ ಇರುತ್ತದೆ. ಆದರೆ ಜೊತೆಯಲ್ಲಿದ್ದವರು ಏನೇನೋ ಬಡಬಡಿಸುತ್ತಿದ್ದರೆ, ಮೈ ಸುಡುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ ಅದು ಬರೀ ಸುಸ್ತಲ್ಲ. ಬಸ್ಸು ನಿಲ್ಲಿಸಲು ಹೇಳಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಲ್ಲಿ ಮಲಗಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.