ಸಹಿ ಹಾಕುವ ಮುಂಚೆ ಕೌಂಟರಿನಲ್ಲೇ ಪರೀಕ್ಷೆ: ನನ್ನ ಅನುಭವ

ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮಕ್ಕಳ 500 ಗಂಟೆ ತರಬೇತಿಗೆ ನಾನು ಸುಮ್ನೆ ಸಹಿ ಹಾಕುವುದಿಲ್ಲ. ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧ ಕೊಡುವುದಕ್ಕೇ ಹೋಗಬೇಕು ಎಂದು ನಿಯಮವಿದೆ. ಗಂಟೆ ತುಂಬಿತು, ಆದರೆ ಕೆಲಸ ಬಂತಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನನ್ನ ಮೆಡಿಕಲ್ ಅಂಗಡಿಯಲ್ಲಿ, ಸಹಿಗೆ ಮುಂಚೆ ನಾನೇ ಅವರನ್ನು ಪರೀಕ್ಷಿಸಲು ಶುರು ಮಾಡಿದಾಗ ಬೇರೆ ಮೆಡಿಕಲ್‌ನವರು, "ಎಂತ ಮಾರಾಯ್ರೆ, ಎಕ್ಸಿಟ್ ಪರೀಕ್ಷೆ ಉಂಟಲ್ಲ, ನಿಮಗ್ಯಾಕೆ ಈ ತಲೆನೋವು?" ಎಂದರು. ಡಿಪ್ಲೊಮಾ ಮುಗಿಸಿ ಫಾರ್ಮಸಿಸ್ಟ್ ಆಗಿ ನೋಂದಾಯಿಸುವ ಮುಂಚೆ ಬರೆಯುವ, 2022ರ ನಿಯಮದ ಆ ಪರೀಕ್ಷೆಯಲ್ಲಿ ಮೂರು ಪೇಪರ್, ಎಲ್ಲವೂ ಸರಿಯುತ್ತರ ಆರಿಸುವಂಥವು, ಒಂದೊಂದರಲ್ಲೂ ಶೇ. 50 ಬೇಕು. ಅದು ಬೇಕಾದದ್ದೇ. ಆದರೆ ಕನ್ನಡಕ ಮರೆತು ಬಂದ ಅಜ್ಜಿ ತುಳುವಿನಲ್ಲಿ ಕೇಳಿದಾಗ ಎದುರಿಗೆ ನಾಲ್ಕು ಆಯ್ಕೆ ಇರುವುದಿಲ್ಲ.

ಮೊದಲು ಬರೆಸಿ ನೋಡಿದೆ. ಎಲ್ಲರಿಗೂ ಎಂಬತ್ತರ ಮೇಲೆ. ಏನೂ ತಿಳಿಯಲಿಲ್ಲ. ಆಮೇಲೆ ನಮ್ಮ ಹುಡುಗರನ್ನೇ ರೋಗಿ ಮಾಡಿ ನಿಲ್ಲಿಸಿದೆ. ಮುಖ ಪರಿಚಯ, ನಗು ಬಂತು, ಅದೂ ಕೆಟ್ಟಿತು. ಕೊನೆಗೆ ರೋಗಿಯಾಗಿ ನಟಿಸಲು ಪೆರ್ಲ, ಕುಂಬಳೆ ಕಡೆಯಿಂದ ಗುರುತಿಲ್ಲದವರನ್ನು ಕರೆಸಿದೆ. ಅರ್ಧ ದಿನಕ್ಕೆ ತಲೆಗೆ ಮುನ್ನೂರು ರೂಪಾಯಿ, ಊಟ, ಬಸ್ಸಿನ ದುಡ್ಡು. ಖಾಲಿ ಇನ್‌ಹೇಲರ್, ಡಬ್ಬಿ, ಚೀಟಿ ಪ್ರಿಂಟ್ ಸೇರಿ ಮೊದಲ ಬ್ಯಾಚಿಗೆ ಆರೇಳು ಸಾವಿರ ಕೈಬಿಟ್ಟಿತು. "ಈ ವಾರ ಯಾರಾದರೂ ಬರುತ್ತಾರೆ" ಎಂದಷ್ಟೇ ಮಕ್ಕಳಿಗೆ ಹೇಳುತ್ತೇನೆ. ಈ ನಟನೆಯ ರೋಗಿಗಳನ್ನು ಸಂಜೆ ರಶ್ಶಿನಲ್ಲೇ ಕಳಿಸುತ್ತೇನೆ, ನಾನು ಪಕ್ಕದಲ್ಲೇ ಇರುತ್ತೇನೆ.

ಜಾಸ್ತಿ ಕಾಡಿದ್ದು ಅಂಕ. ಹತ್ತಕ್ಕೆ ಇಷ್ಟು ಎಂದು ಹಾಕಿದರೆ ನನಗೂ ಜೊತೆಗೆ ಅಂಕ ಹಾಕುವ ನನ್ನ ಸ್ನೇಹಿತರೊಬ್ಬರಿಗೂ ಮೂರ್ನಾಲ್ಕು ಅಂಕದ ವ್ಯತ್ಯಾಸ. ಅದನ್ನು ಬಿಟ್ಟು ಹೌದು–ಇಲ್ಲ ಮಾಡಿದೆ. ಬೇರೆ ಮಾತ್ರೆ ತಗೊಳ್ತೀರಾ ಎಂದು ಕೇಳಿದನಾ? ಅಲರ್ಜಿ ವಿಚಾರಿಸಿದನಾ? ಹೇಳಿದ್ದನ್ನು ರೋಗಿಯ ಬಾಯಿಂದ ತಿರುಗಿ ಹೇಳಿಸಿದನಾ? ಆಗಿನಿಂದ ನಮ್ಮಿಬ್ಬರ ಹಾಳೆ ಹೆಚ್ಚುಕಮ್ಮಿ ಒಂದೇ.

ಎರಡು ಚೀಟಿಗಳಲ್ಲಿ ಮಾತ್ರ ರಿಯಾಯಿತಿ ಇಲ್ಲ. ಒಂದು, ಗಂಟುನೋವಿಗೆ ಮೆಥೊಟ್ರೆಕ್ಸೇಟ್. ವಾರಕ್ಕೊಂದು ದಿನದ ಮಾತ್ರೆ ಅದು, ದಿನಾ ನುಂಗಿದರೆ ಜೀವಕ್ಕೇ ಅಪಾಯ. ವಾರದ ಯಾವ ದಿನ ಎಂದು ರೋಗಿಯಿಂದ ಹೇಳಿಸದಿದ್ದರೆ ಫೇಲ್. ಇನ್ನೊಂದು, ಒಂದು ಎಂ.ಎಲ್.ಗೆ 100 ಯೂನಿಟ್ ಇರುವ ಇನ್ಸುಲಿನ್ ಬಾಟಲಿ. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್ ಬೇಕು. ಎಂ.ಎಲ್.ಗೆ 40 ಯೂನಿಟ್‌ನ ಇನ್ಸುಲಿನ್‌ಗೆ ಇರುವ ಕೆಂಪು ಮುಚ್ಚಳದ್ದು ಕೊಟ್ಟರೆ ಅದೇ ಗೆರೆಗೆ ಎರಡೂವರೆ ಪಟ್ಟು ಮದ್ದು ಒಳಗೆ ಹೋಗುತ್ತದೆ. ಪುಸ್ತಕದಲ್ಲಿ ಇದನ್ನು ಸರಿ ಬರೆದವರೇ ಡ್ರಾಯರಿನಿಂದ ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಟ್ಟದ್ದುಂಟು.

ನಡುವೆ ಇನ್ನೊಂದು ನೋಡಿದೆ. ಅದೇ ಚೀಟಿಯನ್ನು ಒಮ್ಮೆ ಮಲಯಾಳದಲ್ಲಿ, ಒಮ್ಮೆ ತುಳುವಿನಲ್ಲಿ, ಒಮ್ಮೆ ಕನ್ನಡದಲ್ಲಿ ಕೇಳಿಸಿದೆ. ಭಾಷೆ ಸಲೀಸಾಗಿ ಬಾರದ ಕಡೆ ಮಕ್ಕಳು ಹೇಳುವುದನ್ನು ಹೇಳಿ ಮುಗಿಸುತ್ತಾರೆ, ಕೇಳುವುದನ್ನು ಬಿಡುತ್ತಾರೆ. ಹಾಗಾಗಿ ಈಗ ಎರಡು ಭಾಷೆ ಕಡ್ಡಾಯ. ಮೊಬೈಲಲ್ಲಿ ವಿಡಿಯೊ ತೆಗೆದೂ ನೋಡಿದೆ, ಗಿರಾಕಿಗಳಿಗೆ ಇಷ್ಟವಾಗಲಿಲ್ಲ, ನಿಲ್ಲಿಸಿದೆ.

ಕೊನೆಗೆ ಬರುವ ರೋಗಿ ಏನು ಕೇಳುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ. ಮೊದಲ ಸಲಕ್ಕೆ ಅರ್ಧದಷ್ಟು ಜನ ಅಲ್ಲೇ ಬೀಳುತ್ತಾರೆ, ಎರಡನೇ ಸಲಕ್ಕೆ ಬಹುತೇಕ ಎಲ್ಲರೂ ದಾಟುತ್ತಾರೆ.

ಅಂದು ತಲೆನೋವು ಎಂದಿದ್ದ ಮೆಡಿಕಲ್‌ನವರೇ ಈಗ ತಮ್ಮ ಟ್ರೈನಿಗಳನ್ನು ಶನಿವಾರ ನನ್ನಲ್ಲಿಗೆ ಕಳಿಸುತ್ತಾರೆ. ಖರ್ಚು ಅರ್ಧರ್ಧ.