ಫ್ಯಾರೋ ದ್ವೀಪಗಳಿಗೆ ಹೊರಟಿದ್ದೀರಾ? ಕೊಡೆ ಬಿಟ್ಟು ಬನ್ನಿ

ಉತ್ತರ ಅಟ್ಲಾಂಟಿಕ್ ಸಾಗರದ ನಡುವಿನ ಈ ದ್ವೀಪಗಳಿಗೆ ನಾನು ಬಂದ ಮೊದಲ ವಾರವೇ ಕಾರಿನ ಬಾಗಿಲು ಗಾಳಿಗೆ ಸಿಕ್ಕಿ ಮುಂದಕ್ಕೆ ಮಡಚಿಕೊಂಡಿತು. ತಪ್ಪು ನನ್ನದೇ. ಗಾಳಿಗೆ ಬೆನ್ನು ಮಾಡಿ ಕಾರು ನಿಲ್ಲಿಸಿ, ಒಂದೇ ಕೈಯಲ್ಲಿ ಬಾಗಿಲು ತೆಗೆದಿದ್ದೆ. ನೀವು ಕಾರಿನ ಮೂತಿ ಗಾಳಿಯ ಕಡೆಗಿಟ್ಟು ನಿಲ್ಲಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ. ಕೊಡೆ ಇಲ್ಲಿ ಸುಮ್ನೆ ಭಾರ. ಆಗುಂಬೆಯಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಮಳೆ ಬೀಳುತ್ತದೆ ನಿಜ. ಆದರೆ ಇಲ್ಲಿನ ಮಳೆ ಬೀಳುವುದಿಲ್ಲ, ಅಡ್ಡಡ್ಡ ಬಂದು ಹೊಡೆಯುತ್ತದೆ. ಚಳಿಗೆ ಅಷ್ಟು ಹೆದರಬೇಡಿ. ಬೆಚ್ಚಗಿನ ಸಾಗರ ಪ್ರವಾಹದ ದಯೆಯಿಂದ ಜನವರಿಯಲ್ಲೂ ಸರಾಸರಿ 3-4 ಡಿಗ್ರಿ ಇರುತ್ತದೆ. ಜುಲೈನಲ್ಲಿ 11ರ ಆಸುಪಾಸು, ಅದೇ ಬೇಸಿಗೆ!

ಒಟ್ಟು 18 ದ್ವೀಪಗಳು, 1,399 ಚದರ ಕಿ.ಮೀ. ಜನ ಸುಮಾರು 54,000, ನಮ್ಮ ಕಡೆಯ ಒಂದು ತಾಲೂಕು ಪಟ್ಟಣದಷ್ಟು. ಹೆಸರಿನ ಕೊನೆಯಲ್ಲಿ 'ಓಯ್' ಬಂದರೆ ಅದು ದ್ವೀಪ ಅಂತ ತಿಳಿಯಿರಿ: ಸ್ಟ್ರೇಮೋಯ್, ಸಾಂದೋಯ್, ಸುದುರೋಯ್. ಎಲ್ಲಿ ನಿಂತರೂ ಸಮುದ್ರ 5 ಕಿ.ಮೀ. ಒಳಗೇ ಇರುತ್ತದೆ.

ವಿಜಯಪುರ, ಕಲಬುರಗಿ ಕಡೆಯವರಿಗೆ ಇಲ್ಲಿನ ಕಲ್ಲಿನ ಗುರುತು ಸಿಗಬೇಕು. ಲಾವಾ ಪದರ ಪದರವಾಗಿ ಹರಿದು ಆರಿದ ಅದೇ ಜಾತಿಯ ಕರಿಕಲ್ಲು, ಬೆಟ್ಟದ ಮೈಯೆಲ್ಲ ಮೆಟ್ಟಿಲು ಮೆಟ್ಟಿಲು. ವಿದೋಯ್ ದ್ವೀಪದ ಎನ್ನಿಬರ್ಗ್ ಬಂಡೆ ಸಮುದ್ರದಿಂದ ನೇರ 754 ಮೀಟರ್ ಎದ್ದಿದೆ. ಹತ್ತಿರ ಹತ್ತಿರ ಮೂರು ಜೋಗವನ್ನು ಒಂದರ ಮೇಲೊಂದು ಇಟ್ಟ ಹಾಗೆ. ಇಂಥ ಕಡೆ ರಸ್ತೆ ಹೇಗೆ ಮಾಡುತ್ತಾರೆ? ಬೆಟ್ಟ ಕೊರೆಯುತ್ತಾರೆ, ಸಮುದ್ರದ ಅಡಿಯನ್ನೂ ಕೊರೆಯುತ್ತಾರೆ. 2020ರಲ್ಲಿ ತೆರೆದ ಐಸ್ಟುರೋಯ್ ಸುರಂಗ 11 ಕಿ.ಮೀ.ಗಿಂತ ಉದ್ದ, ನಡುವೆ ನೀರಿನಡಿಯಲ್ಲೇ ಒಂದು ಸರ್ಕಲ್ ಬೇರೆ ಇದೆ. ರಾಜಧಾನಿ ಟೋರ್ಸ್‌ಹಾವ್ನ್‌ನಿಂದ ರುನಾವಿಕ್‌ಗೆ 55 ಕಿ.ಮೀ. ಸುತ್ತಬೇಕಿದ್ದದ್ದು ಈಗ 17 ಆಗಿದೆ. ಟೋಲ್ ಮಾತ್ರ ಕೈ ಕಚ್ಚುತ್ತದೆ.

ಹಾಗಾಗಿ ಮನೆ ಹುಡುಕುವಾಗ ಕಿಲೋಮೀಟರ್ ನೋಡಬೇಡಿ. ಆ ಊರಿಗೆ ಸುರಂಗ ಇದೆಯಾ, ದೋಣಿಯೇ ಗತಿಯಾ ಅಂತ ಕೇಳಿ. ಸುದುರೋಯ್‌ಗೆ ಇನ್ನೂ ಫೆರ್ರಿಯಲ್ಲೇ ಎರಡು ಗಂಟೆ. ಬಿರುಗಾಳಿ ಎದ್ದರೆ ಅದೂ ಇಲ್ಲ.

ಇನ್ನೊಂದು ವಿಷಯ, ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ. ಇದು ಡೆನ್ಮಾರ್ಕ್ ರಾಜ್ಯಕ್ಕೇ ಸೇರಿದ್ದರೂ ಡೆನ್ಮಾರ್ಕಿನ ವಾಸದ ಪರವಾನಗಿ ತನ್ನಷ್ಟಕ್ಕೆ ಇಲ್ಲಿ ನಡೆಯುವುದಿಲ್ಲ. ಫ್ಯಾರೋಗೆ ಅಂತಲೇ ಬೇರೆ ಕೊಡಿಸಿಕೊಳ್ಳಬೇಕು.