ಗೋಡೆಯ ಮಿಸರಿಯನ್ನು ಪೆಟ್ಟಿಗೆಗೆ ಇಳಿಸಿದ್ದು

ನಮ್ಮ ಶಿರಸಿ ಸೀಮೆಯ ಹಳೆಯ ಮನೆಗಳ ಮಣ್ಣುಗೋಡೆಯಲ್ಲಿ ಹುಡುಕಿದರೆ ಎಲ್ಲೋ ಒಂದು ಸಂದಿಯಲ್ಲಿ ಮಿಸರಿ ಜೇನು ಸಿಗುತ್ತದೆ. ಚುಚ್ಚಲು ಮುಳ್ಳಿಲ್ಲದ, 3–4 ಮಿ.ಮೀ. ಉದ್ದದ ಈ ಹುಳಕ್ಕೆ ಯಾರೂ ಪೆಟ್ಟಿಗೆ ಮಾಡಿಕೊಟ್ಟವರಲ್ಲ. ಗೋಡೆಯ ಬಿರುಕೇ ಸಾಕಾಗಿತ್ತು. ಈಗ ಆ ಗೋಡೆಗಳು ಒಂದೊಂದಾಗಿ ಉರುಳಿ ಸಿಮೆಂಟು ಮೇಲೇಳುತ್ತಿದೆ. ಮಿಸರಿ ರಾಣಿ ಹೊಟ್ಟೆ ಬೆಳೆದ ಮೇಲೆ ಹಾರಲಾರಳು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನಂತೆ ಗೂಡು ಬಿಟ್ಟು ಎದ್ದು ಹೋಗುವ ದಾರಿ ಇವಕ್ಕಿಲ್ಲ. ಜೆಸಿಬಿ ಬಂದ ದಿನ ಸಂಸಾರವೇ ಮಣ್ಣುಪಾಲು.

ಇವನ್ನು ಉಳಿಸಲು ನಾನು ಮೊದಲು ಮಾತಾಡಿಸಿದ್ದು ಮನೆ ಯಜಮಾನರನ್ನಲ್ಲ, ಮೇಸ್ತ್ರಿಗಳನ್ನು. ಯಾವ ಗೋಡೆ ಯಾವಾಗ ಬೀಳುತ್ತದೆಂದು ಖಚಿತವಾಗಿ ತಿಳಿದವರು ಅವರೇ. ಗೋಡೆಯಿಂದ ಮೇಣದ ಸಣ್ಣ ಕೊಳವೆ ಚಾಚಿಕೊಂಡಿದ್ದರೆ ಫೋನ್ ಮಾಡಿ ಎಂದಿದ್ದೆ. ಈಗ "ಹೆಗಡೆಯವರೇ, ನಿಮ್ಮ ನೆಂಟರು ಸಿಕ್ಕಿದ್ದಾರೆ" ಎಂದು ಕರೆ ಬರುತ್ತದೆ.

ಬೆಳಿಗ್ಗೆ ಉಳಿಯಿಂದ ಮಣ್ಣನ್ನು ಮೆಲ್ಲಗೆ ಬಿಡಿಸುತ್ತೇವೆ. ಒಳಗೆ ತುಡುವೆಯ ಎರಿಯಂಥ ಮೇಣದ ಹಲಗೆ ಇರುವುದಿಲ್ಲ; ಒಂದು ಕಡೆ ಮೊಟ್ಟೆ-ಮರಿಗಳ ಕೋಶಗಳ ಗೊಂಚಲು, ಸುತ್ತ ಜೇನುತುಪ್ಪದ ಮತ್ತು ಪರಾಗದ ಪುಟ್ಟ ಕುಡಿಕೆಗಳು. ಗೊಂಚಲನ್ನು ಇದ್ದ ಹಾಗೆಯೇ, ತಲೆಕೆಳಗಾಗದಂತೆ ಎತ್ತಿ ಮರದ ಪೆಟ್ಟಿಗೆಯಲ್ಲಿ ಇಡಬೇಕು. ಮೊಟ್ಟೆ ದ್ರವ ಆಹಾರದ ಮೇಲೆ ತೇಲುತ್ತಿರುತ್ತದೆ, ಮಗುಚಿದರೆ ಮುಳುಗಿ ಸಾಯುತ್ತದೆ. ರಾಣಿಯನ್ನು ಬೆರಳಿನಿಂದ ಹಿಡಿಯದೆ ಎಲೆಯ ಮೇಲೆ ಹತ್ತಿಸಿಕೊಳ್ಳುತ್ತೇನೆ. ಒಡೆದ ತುಪ್ಪದ ಕುಡಿಕೆಗಳನ್ನು ಪೆಟ್ಟಿಗೆಗೆ ಹಾಕುವುದೇ ಇಲ್ಲ; ಸೋರಿದ ತುಪ್ಪಕ್ಕೆ ಇರುವೆ ಬಂದರೆ ಎಲ್ಲವೂ ಮುಗಿಯಿತು. ಹಳೆಯ ಬಾಗಿಲಿನ ಮೇಣವನ್ನು ಪೆಟ್ಟಿಗೆಯ ತೂತಿನ ಸುತ್ತ ಮೆತ್ತಿ, ಗೂಡಿದ್ದ ಜಾಗದಲ್ಲೇ ಸಂಜೆಯವರೆಗೆ ಬಿಡುತ್ತೇವೆ. ಹೊರಗೆ ಹೋದವೆಲ್ಲ ವಾಸನೆ ಹಿಡಿದು ಒಳಸೇರುತ್ತವೆ.

ಕತ್ತಲಾದ ಮೇಲೆ ಬಾಯಿಗೆ ಜಾಲರಿ ಕಟ್ಟಿ ಬೇರೆ ಊರಿನ ನೆಂಟರ ಮನೆಗೆ ಸಾಗಿಸುತ್ತೇನೆ. ಮಿಸರಿ ಮೇಯುವುದು ಗೂಡಿನಿಂದ ಕೆಲವು ನೂರು ಮೀಟರಿನೊಳಗೆ. ಪಕ್ಕದ ಮನೆಯಲ್ಲಿಟ್ಟರೆ ಹುಳಗಳು ಮತ್ತೆ ಹಳೆಯ ಗೋಡೆಯನ್ನೇ ಹುಡುಕಿಕೊಂಡು ಹೋಗುತ್ತವೆ. ಹೊಸ ಮನೆ ಎದ್ದ ಮೇಲೆ ಪೆಟ್ಟಿಗೆ ಮರಳಿ ಬಂದು ಸೂರಿನಡಿ ತೂಗುತ್ತದೆ.

ಮೇವಿನ ವಿಚಾರದಲ್ಲಿ ನಾನು ಕೇಳಿದ್ದು ಇಷ್ಟೇ: ಅಂಗಳದ ತುಂಬೆ, ನಾಚಿಕೆಮುಳ್ಳನ್ನು ಒಂದೇ ದಿನ ಯಂತ್ರದಿಂದ ಬೋಳಿಸಬೇಡಿ. ಇನ್ನೊಂದು ಮಾತು ಸ್ವಲ್ಪ ಜಗಳವಾಡಿಯೇ ಒಪ್ಪಿಸಿದೆ. ಕೊಟ್ಟಿಗೆಯ ಹಿಂದಿನ ಮಣ್ಣುಗೋಡೆಯ ಒಂದು ತುಂಡನ್ನಾದರೂ ಉಳಿಸಿ ಎಂದೆ. ಅಲ್ಲಿ ತೂತು ಕೊರೆದು ಒಂಟಿಯಾಗಿ ಬಾಳುವ ನೀಲಿಪಟ್ಟೆಯ ದುಂಬಿಯು ಬದನೆ, ಟೊಮ್ಯಾಟೊ ಹೂವನ್ನು ಅಪ್ಪಿ ಮೈ ಕಂಪಿಸಿ ಪರಾಗ ಉದುರಿಸುತ್ತದೆ. ತುಡುವೆಗೆ ಆ ವಿದ್ಯೆ ಬಾರದು. ಪಾಳುಗೋಡೆ ನೋಡಲು ಚೆಂದವಿಲ್ಲ ಎನ್ನುವವರಿಗೆ ಬದನೆಗಿಡ ತೋರಿಸುತ್ತೇನೆ.

ತುಪ್ಪ ಎಲ್ಲಿ ಎಂದು ಕೇಳುವವರೇ ಹೆಚ್ಚು. ವರ್ಷಕ್ಕೆ ಗೂಡೊಂದರಿಂದ ಸಿಗುವುದು ಕೆಲವು ನೂರು ಗ್ರಾಂ. ಔಷಧಿಗೆಂದು ದುಬಾರಿ ಬೆಲೆಗೆ ಕೊಳ್ಳುತ್ತಾರೆ, ಅದೇ ತೊಂದರೆ. ಹಿಸ್ಸೆಯಾದ ಅಣ್ಣತಮ್ಮಂದಿರು ಒಂದೇ ಪೆಟ್ಟಿಗೆಗೆ ಹಟ ಹಿಡಿದರು. ಮಳೆಗಾಲ ಕಳೆದು ಹೂವು ಹೆಚ್ಚಿದಾಗ ಗೂಡನ್ನೇ ಪಾಲು ಮಾಡಿದೆ: ಹಳೆಯ ರಾಣಿ ಅಣ್ಣನಿಗೆ, ಬಲಿತು ಬಿಳುಪಾದ ಕೋಶಗಳು ಮತ್ತು ದೊಡ್ಡದೊಂದು ರಾಣಿಕೋಶ ತಮ್ಮನಿಗೆ.